ಅಕ್ಕಿ ಡ್ರಮ್ಮಿನೊಳಗಿನ ಬ್ಯಾಟರಿ

ಮಗುವಿಗೆ ಏನೂ ಆಗಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಒಳಗೆ ಇಟ್ಟುಕೊಂಡರೆ ನನ್ನ ಕೈ ಮುಂದಕ್ಕೆ ಹೋಗುವುದಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆಮೇಲೆ ಬೀಡಿ ಕಟ್ಟಿದ್ದೇ ಕಟ್ಟಿದ್ದು. ಆದರೂ ಈಗ ಬರೆಯದೆ ಇರಲಾರೆ. ಸಂತೋಷ ಎಷ್ಟಿದೆಯೆಂದರೆ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿ ಆಗಿದೆ, ಮೀನು ತರುವವಳಿಗೆ ಎರಡು ಸಲ ಹೇಳಿ ಆಗಿದೆ. ಇನ್ನು ಕಾಗದ ಒಂದೇ ಬಾಕಿ.

ನನ್ನ ಮಗಳ ಮಗಳು ಅದು. ಹುಟ್ಟುವಾಗಲೇ ಕಿವಿ ಕೇಳುತ್ತಿರಲಿಲ್ಲ, ನಮಗೆ ಗೊತ್ತಾಗಲಿಲ್ಲ. ಒಂದು ದಿನ ನೆರೆಮನೆಯ ಮದುವೆಗೆ ಗರ್ನಲ್ ಪಟಾಕಿ ಸಿಡಿಸಿದರು. ನಮ್ಮ ಊರು ಕಾಟಿಪಳ್ಳದ ನಾಯಿಗಳೆಲ್ಲ ದಿಕ್ಕುಪಾಲಾಗಿ ಓಡಿದವು. ತೊಟ್ಟಿಲಲ್ಲಿದ್ದ ಮಗು ಮಾತ್ರ ರೆಪ್ಪೆ ಅಲುಗಿಸದೆ ಮಲಗಿತ್ತು. ಎಂಥ ಧೈರ್ಯದ ಮಗು ಎಂದು ನಾನು ಹೊಗಳಿದೆ. ಮಗಳು ಹೊಗಳಲಿಲ್ಲ. ಒಳಗೆ ಹೋಗಿ ಹರಿವಾಣ ತಂದು ತೊಟ್ಟಿಲ ಪಕ್ಕದಲ್ಲಿ ಬಡಿದಳು. ಮತ್ತೆ ಬಡಿದಳು. ಆಮೇಲೆ ಹರಿವಾಣವನ್ನು ನೆಲಕ್ಕಿಟ್ಟು ಅಲ್ಲೇ ಕುಳಿತಳು. ಆ ಸಂಜೆ ನಮ್ಮ ಮನೆಯಲ್ಲಿ ದೀಪ ಹಚ್ಚಿದವರು ಯಾರೆಂದು ನನಗೆ ನೆನಪಿಲ್ಲ, ಬಹುಶಃ ಯಾರೂ ಹಚ್ಚಲಿಲ್ಲ.

ಅಳಿಯ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಯವರು ಏನೇನು ಹೇಳಿದರು ಎಂಬುದು ಇಲ್ಲಿ ಬೇಡ. ಮಗಳು ಮಗುವನ್ನು ಎತ್ತಿಕೊಂಡು ನನ್ನಲ್ಲಿಗೆ ಬಂದಳು. ಆಪರೇಷನ್ ಆಯಿತು. ತಲೆಯೊಳಗೆ ಒಂದು ಸಣ್ಣ ತುಂಡು, ಕಿವಿಯ ಹಿಂದೆ ಒಂದು ಯಂತ್ರ. ಯಂತ್ರ ಹಾಕಿದ ಕೂಡಲೇ ಮಗು ಎಲ್ಲ ಕೇಳಿ ಮಾತಾಡುತ್ತದೆ ಎಂದು ನಾವು ಎಣಿಸಿದ್ದೆವು. ಹಾಗಲ್ಲವಂತೆ. ಯಂತ್ರ ಶಬ್ದವನ್ನು ಒಳಗೆ ಕಳಿಸುತ್ತದೆ, ಅಷ್ಟೆ. ಅದು ಶಬ್ದ ಎಂದು, ಅದಕ್ಕೆ ತಿರುಗಬೇಕು ಎಂದು ಮಗು ಒಂದೊಂದಾಗಿ ಕಲಿಯಬೇಕು. ಅದಕ್ಕೆ ಕದ್ರಿಯಲ್ಲಿ ಕ್ಲಾಸು, ದಿನ ಬಿಟ್ಟು ದಿನ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುವುದಿಲ್ಲ ಅಮ್ಮ" ಎಂದು ಟೀಚರ್ ಮೊದಲ ದಿನವೇ ಹೇಳಿದ್ದರು. "ಮಳೆ ಉಂಟು, ನೆಂಟರು ಬಂದ್ರು ಅಂತ ಕ್ಲಾಸ್ ತಪ್ಪಿಸಬೇಡಿ. ಮತ್ತೆ ಮನೆಯಲ್ಲಿ ಒಂದೇ ಭಾಷೆ ಮಾತಾಡಿ. ನೀವು ತುಳು, ನಾನು ಕನ್ನಡ ಅಂತ ಆದ್ರೆ ಇದಕ್ಕೆ ಗೊಂದಲ ಆಗ್ತದೆ."

ಮುಂದೆ ಶಾಲೆಗೆ ಬೇಕಲ್ಲ ಎಂದು ಮಗಳು ಕನ್ನಡವೇ ಇರಲಿ ಎಂದಳು. ಹಾಗೆ, ಹುಟ್ಟಿದಲ್ಲಿಂದ ತುಳು ಆಡಿದ ಮನೆಯಲ್ಲಿ ಈ ವಯಸ್ಸಿಗೆ ನಾನು ಕನ್ನಡ ಮಾತಾಡಬೇಕಾಯಿತು. ಯಾವಾಗಲೂ ಯಾರೋ ಅಧಿಕಾರಿ ಮನೆಗೆ ಬಂದು ಕುಳಿತ ಹಾಗೆ. ನನ್ನ ತಮ್ಮ, ಬಸ್ ಡ್ರೈವರ್ ಆಗಿ ನಿವೃತ್ತನಾದವನು, ಹಿಂದಿನ ಓಣಿಯಲ್ಲಿ ಮನೆ, ದಿನವೂ ಬಂದು ನನ್ನನ್ನು ಗೇಲಿ ಮಾಡುತ್ತಿದ್ದ. "ಅಕ್ಕ, ದಯವಿಟ್ಟು ಚಹಾ ದಯಪಾಲಿಸಿ" ಎನ್ನುತ್ತಿದ್ದ.

ಮಗುವಿಗೆ ದಪ್ಪ ಶಬ್ದ ಬೇಗ ಸಿಕ್ಕಿತು. ಬಾಗಿಲು ಬಡಿದರೆ, ಚೆಂಡೆ ಕೇಳಿದರೆ ತಿರುಗುತ್ತಿತ್ತು. ಶಬ್ದ ಕೇಳಿದಾಗಲೆಲ್ಲ ಒಂದು ಹುಣಸೆ ಬೀಜವನ್ನು ಸ್ಟೀಲ್ ಲೋಟಕ್ಕೆ ಹಾಕಬೇಕು, ಅದೇ ಪಾಠ. ಟೀಚರ್ ಬಾಯಿಗೆ ಕಾಗದ ಅಡ್ಡ ಹಿಡಿದು "ಆ" ಎಂದರೆ ಬೀಜ ಲೋಟಕ್ಕೆ ಬೀಳುತ್ತಿತ್ತು. "ಊ" ಎಂದರೂ ಬೀಳುತ್ತಿತ್ತು. ಆದರೆ ಸಪೂರ ಶಬ್ದಗಳಿವೆಯಲ್ಲ, ಸ, ಶ, ಗಾಳಿ ಬಿಟ್ಟ ಹಾಗೆ ಬರುವಂಥವು, ಅವಕ್ಕೆ ಮಗು ಬೀಜವನ್ನು ಕೆನ್ನೆಗೆ ಒತ್ತಿಕೊಂಡು ಸುಮ್ಮನೆ ಕುಳಿತಿರುತ್ತಿತ್ತು. ತಿಂಗಳುಗಟ್ಟಲೆ ಹಾಗೆಯೇ.

"ಅದು ಸಿಗದಿದ್ರೆ ಮಾತು ಸ್ಪಷ್ಟ ಬರುವುದಿಲ್ಲ" ಎಂದರು ಟೀಚರ್. "ಮಳೆಗಾಲ ಮುಗಿಯುವವರೆಗೆ ನೋಡುವ. ಆಮೇಲೂ ಬಾರದಿದ್ರೆ ಡಾಕ್ಟರ್ ಹತ್ರ ಕೇಳಬೇಕು, ಒಳಗೆ ಇಟ್ಟದ್ದು ಸರಿ ಉಂಟಾ ಅಂತ."

ಒಳಗೆ ಇಟ್ಟದ್ದನ್ನು ನೋಡುವುದೆಂದರೆ ತಲೆಯನ್ನು ಇನ್ನೊಮ್ಮೆ ಕೊಯ್ಯುವುದೇನೋ. ಟೀಚರ್ ಹಾಗೆಂದು ಹೇಳಲಿಲ್ಲ, ಮಗಳೂ ಕೇಳಲಿಲ್ಲ. ಆದರೆ ಆ ರಾತ್ರಿಯಿಂದ ಅವಳು ಮಗುವಿನ ಕಿವಿಯ ಹಿಂದಿನ ಗಾಯದ ಗುರುತನ್ನು ಬೆರಳಲ್ಲಿ ಸವರುತ್ತ ಮಲಗಲು ಸುರುಮಾಡಿದಳು.

ಈಗ ಸ್ಕೂಟರಿನ ವಿಷಯ. ಕಾಟಿಪಳ್ಳದಿಂದ ಸುರತ್ಕಲ್, ಅಲ್ಲಿಂದ ಇನ್ನೊಂದು ಬಸ್ಸು, ಮತ್ತೆ ಕದ್ರಿಗೆ ಹತ್ತುವುದು. ಮಗುವಿಗೆ ಬಸ್ಸು ಹಿಡಿಸುತ್ತಿರಲಿಲ್ಲ. ಕೂಳೂರು ಬರುವುದರೊಳಗೆ ವಾಂತಿ. ವಾಂತಿ ಮಾಡಿ ಸುಸ್ತಾದ ಮಗು ಕ್ಲಾಸಿನಲ್ಲಿ ಏನು ಕಲಿಯುತ್ತದೆ? ಅದಕ್ಕೆಂದೇ ಅಳಿಯ ಹಳೆಯದೊಂದು ಎಲೆಕ್ಟ್ರಿಕ್ ಸ್ಕೂಟರ್ ತೆಗೆಸಿಕೊಟ್ಟಿದ್ದ. ಗಾಳಿಗೆ ಮುಖ ಕೊಟ್ಟು ಮುಂದೆ ನಿಂತರೆ ಮಗುವಿಗೆ ಏನೂ ಆಗುತ್ತಿರಲಿಲ್ಲ, ನಗುತ್ತಾ ಹೋಗಿ ನಗುತ್ತಾ ಬರುತ್ತಿತ್ತು. ಆ ಸ್ಕೂಟರ್ ಇದ್ದರೆ ಕ್ಲಾಸು, ಇಲ್ಲದಿದ್ದರೆ ಇಲ್ಲ.

ಅದರ ಬ್ಯಾಟರಿ ಮುದಿಯಾಯಿತು. ಮೊದಮೊದಲು ಹೋಗಿ ಬಂದರೂ ಉಳಿಯುತ್ತಿದ್ದ ಚಾರ್ಜು, ಆಮೇಲೆ ಬರುವಷ್ಟಕ್ಕೆ ಸಾಕಾಗುತ್ತಿತ್ತು, ಆಮೇಲೆ ಅದೂ ಇಲ್ಲ. ಒಂದು ದಿನ ಕೂಳೂರು ಸೇತುವೆಯ ಮೇಲೆ ನಿಂತೇಬಿಟ್ಟಿತು. ಮಗುವನ್ನು ಸೀಟಿನ ಮೇಲೆ ಕೂರಿಸಿ, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಗಾಡಿ ತಳ್ಳಿಕೊಂಡು ಮಗಳು ಸೇತುವೆ ದಾಟಿದಳು. ಟ್ಯಾಂಕರುಗಳು ಸೆರಗಿಗೆ ತಾಗುವಷ್ಟು ಹತ್ತಿರದಲ್ಲಿ ಹೋಗುತ್ತಿದ್ದವಂತೆ. ಮನೆಗೆ ಬಂದವಳು ಊಟ ಮಾಡಲಿಲ್ಲ.

ಶೋರೂಮಿನವರು ಬ್ಯಾಟರಿಯನ್ನು ಬಿಚ್ಚಿ ನೋಡಲೂ ಇಲ್ಲ. "ಇದು ರಿಪೇರಿ ಮಾಡುವುದಲ್ಲ ಮೇಡಂ, ಇಡೀ ಬದಲಿಸಬೇಕು" ಎಂದರು. ಅವರು ಹೇಳಿದ ಬೆಲೆಗೆ ಅಂಥದ್ದೇ ಇನ್ನೊಂದು ಹಳೆಯ ಸ್ಕೂಟರ್ ಬರುತ್ತಿತ್ತು. ಮಗಳು ಹೊರಗೆ ಬಂದಳು. ಅದೇ ವಾರ ಕ್ಲಾಸು ತಪ್ಪಲು ಸುರುವಾಯಿತು.

ತಮ್ಮ ಯಾರನ್ನೋ ಕೇಳಿ ಮಣ್ಣಗುಡ್ಡದಲ್ಲಿ ಬ್ಯಾಟರಿ ಬಿಚ್ಚಿ ರಿಪೇರಿ ಮಾಡುವವನನ್ನು ಹುಡುಕಿದ. ಸಣ್ಣ ಕೋಣೆ, ಒಳಗೆ ಸುಟ್ಟ ತವರದ ವಾಸನೆ. ನಾನೂ ಹೋಗಿದ್ದೆ. ಅವನು ನಮ್ಮ ಬ್ಯಾಟರಿಯ ಮುಚ್ಚಳ ತೆಗೆದಾಗ ನನಗೆ ನಗು ಬಂತು. ಟಾರ್ಚಿನ ಬ್ಯಾಟರಿಯಂಥ ಸೆಲ್ಲುಗಳು ಸಾಲಾಗಿ, ನಾವು ಬೀಡಿ ಕಟ್ಟು ಜೋಡಿಸಿಡುತ್ತೇವಲ್ಲ, ಹಾಗೆಯೇ ಒತ್ತೊತ್ತಾಗಿ ನಿಂತಿದ್ದವು.

"ಇಡೀ ಸತ್ತದ್ದಲ್ಲ ಅಮ್ಮ ಇದು" ಎಂದ ಅವನು, ಎರಡು ತಂತಿ ಮುಟ್ಟಿಸಿ ನೋಡುತ್ತಾ. "ಒಂದು ಸಾಲು ಸತ್ತಿದೆ. ಅದು ಉಳಿದದ್ದನ್ನೂ ಕೆಳಗೆ ಎಳೀತದೆ."

"ನಮ್ಮ ಕುಟುಂಬದ ಹಾಗೆ" ಎಂದ ತಮ್ಮ.

"ಆ ಸಾಲು ನೀನೇ. ಬಾಯಿ ಮುಚ್ಚಿ ಕೂತ್ಕೋ" ಎಂದೆ.

ಸತ್ತ ಸಾಲನ್ನು ಕಿತ್ತು ಬೇರೆ ಸೆಲ್ಲು ಹಾಕಿ, ಸುತ್ತ ಅಂಟು ಬಳಿದು ಮುಚ್ಚಿಕೊಟ್ಟ. ಶೋರೂಮಿನವರು ಹೇಳಿದ ಬೆಲೆಯಲ್ಲಿ ಒಂದು ಮೂಲೆಯಷ್ಟೂ ಅವನು ಕೇಳಲಿಲ್ಲ. ಕೊಡುವಾಗ ಮಗಳಿಗೆ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. "ಅಕ್ಕ, ಇದು ಕಂಪೆನಿಯ ಸೀಲ್ ಅಲ್ಲ, ನನ್ನ ಕೈಯ ಅಂಟು. ಮಳೆಗೆ ಅಡ್ಡಿ ಇಲ್ಲ, ಆದ್ರೆ ನೀರಲ್ಲಿ ಮುಳುಗಿಸಬೇಡಿ. ಎಲ್ಲಿಯಾದ್ರೂ ಒಳಗೆ ನೀರು ಹೋಯ್ತು ಅಂತಾದ್ರೆ ಚಾರ್ಜಿಗೆ ಇಡಬೇಡಿ, ಮನೆಯೊಳಗೆ ಸಹ ಇಡಬೇಡಿ. ಅಂಗಳದ ಮೂಲೆಗೆ ಹಾಕಿ ನನಗೆ ಫೋನ್ ಮಾಡಿ."

ಸ್ಕೂಟರ್ ಹಳೆಯ ಹಾಗೆಯೇ ಓಡಿತು. ಕ್ಲಾಸು ಮತ್ತೆ ಸುರುವಾಯಿತು. ಸಪೂರ ಶಬ್ದ ಮಾತ್ರ ಬರಲಿಲ್ಲ. ಮಗಳು ಮನೆಯಲ್ಲೂ ಕಾಗದ ಅಡ್ಡ ಹಿಡಿದು ಸ, ಶ ಎಂದು ಹೇಳಿ ಹೇಳಿ ತುಟಿ ಒಣಗಿಸಿಕೊಳ್ಳುತ್ತಿದ್ದಳು. ಮಗು ಅವಳ ಮುಖವನ್ನೇ ನೋಡುತ್ತಿತ್ತು. ಒಂದು ಸಲ ಅವಳು ಕಾಗದವನ್ನು ಮುದ್ದೆ ಮಾಡಿ ಬಿಸಾಡಿ, "ಒಂದು ಸಲ ಹಾಕಿಬಿಡು ಮಗಾ, ಸುಳ್ಳಿಗಾದ್ರೂ ಹಾಕು" ಎಂದಳು. ನಾನು ಎದ್ದು ಹಿತ್ತಲಿಗೆ ಹೋದೆ. ಅಲ್ಲಿ ನನಗೆ ಏನೂ ಕೆಲಸವಿರಲಿಲ್ಲ.

ಆಮೇಲೆ ಆ ಮಳೆ ಬಂತು. ಕ್ಲಾಸಿನಿಂದ ಬರುವಾಗ ಕೊಟ್ಟಾರ ಚೌಕಿಯಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲವಂತೆ, ಚರಂಡಿಯೂ ರಸ್ತೆಯೂ ಒಂದೇ. ಹಿಂದಿನಿಂದ ಬಸ್ಸಿನವರ ಹಾರ್ನು, ನಿಲ್ಲಲು ಜಾಗವಿಲ್ಲ. ಮಗಳು ನುಗ್ಗಿಸಿದಳು. ಕಾಲಿಡುವ ಜಾಗದ ಮೇಲೆ ನೀರು ಬಂತು. ಬ್ಯಾಟರಿ ಇರುವುದು ಅದರ ಕೆಳಗೇ. ನೀರಿನ ಮಧ್ಯದಲ್ಲಿ ಗಾಡಿ ನಿಂತಿತು. ಯಾರೋ ಮಗುವನ್ನು ಎತ್ತಿಕೊಂಡರು, ಯಾರೋ ತಳ್ಳಿದರು. ಗೂಡ್ಸ್ ಟೆಂಪೋದಲ್ಲಿ ಸ್ಕೂಟರನ್ನು ಹಾಕಿಕೊಂಡು ಮನೆಗೆ ಬಂದರು, ಇಬ್ಬರೂ ಕೋಳಿಮರಿಗಳ ಹಾಗೆ ನಡುಗುತ್ತಾ.

ಬ್ಯಾಟರಿಯನ್ನು ಎಳೆದು ಜಗಲಿಯಲ್ಲಿಟ್ಟರೆ ಒಂದು ಮೂಲೆಯಿಂದ ನೀರು ಸೋರುತ್ತಿತ್ತು. ಮಗಳು ರಿಪೇರಿಯವನಿಗೆ ಫೋನ್ ಮಾಡಿದಳು. ಅವನು ಯಾರೋ ತೀರಿಹೋದವರ ಬೊಜ್ಜದ ಊಟಕ್ಕೆಂದು ಊರಿಗೆ ಹೋಗಿದ್ದ, ಮಾತು ತುಂಡು ತುಂಡಾಗಿ ಕೇಳುತ್ತಿತ್ತು. "ಹೊರಗೆ ಇಡಿ... ನಾಳೆ ಬಿಟ್ಟು ನಾಡಿದ್ದು ಬರ್ತೇನೆ... ಒಳಗೆ ಬೇಡ..." ಇಷ್ಟೇ.

"ಹೊರಗೆ ಅಂದ್ರೆ ಎಲ್ಲಿ?" ಎಂದ ತಮ್ಮ. ಹೊರಗೆ ಆಕಾಶವೇ ಹರಿದು ಬೀಳುತ್ತಿತ್ತು. "ಒದ್ದೆ ಆದದ್ದನ್ನು ಇನ್ನೂ ಒದ್ದೆ ಮಾಡ್ಲಿಕ್ಕಾ? ಅವನಿಗೆ ಎಂತ, ಊಟ ಮಾಡ್ತಾ ಮಾತಾಡ್ತಾನೆ."

"ಮಾಮ, ಅವರು ಅವತ್ತೇ ಹೇಳಿದ್ದಾರೆ" ಎಂದಳು ಮಗಳು.

"ಹೇಳಿದ್ದು ಬೇಸಿಗೆಯಲ್ಲಿ. ನೀನು ಕೇಳು ಮಗಾ. ನನ್ನ ಮೊಬೈಲು ಬಾವಿಕಟ್ಟೆಯ ಬಕೆಟ್‌ಗೆ ಬಿದ್ದದ್ದು ನೆನಪುಂಟಲ್ಲ? ಯಾರು ಸರಿ ಮಾಡಿದ್ದು? ಅಂಗಡಿಯವನಾ? ಕುಚ್ಚಲಕ್ಕಿ. ಎರಡು ದಿನ ಅಕ್ಕಿಯೊಳಗೆ ಹುಗಿದಿಟ್ಟೆ, ಈಗ್ಲೂ ಅದರಲ್ಲೇ ಮಾತಾಡುವುದು. ಬ್ಯಾಟರಿ ಅಂದ್ರೆ ಬ್ಯಾಟರಿ. ಅದು ಸಣ್ಣದು, ಇದು ದೊಡ್ಡದು."

ನಮ್ಮ ಕಡೆ ಮಳೆಗಾಲಕ್ಕೆಂದು ವರ್ಷದ ಅಕ್ಕಿಯನ್ನು ಮೊದಲೇ ತುಂಬಿಸಿಡುವುದು. ಒಳಕೋಣೆಯಲ್ಲಿ, ಮಗು ಮಲಗುವ ಮಂಚದ ಪಕ್ಕದಲ್ಲಿ, ತಗಡಿನ ದೊಡ್ಡ ಡ್ರಮ್ಮು. ಇಡೀ ಮನೆಯಲ್ಲಿ ತೇವ ಹತ್ತದ ಜಾಗ ಅದೊಂದೇ. ಒದ್ದೆ ಮೊಬೈಲು, ಒದ್ದೆ ಟಾರ್ಚು, ಎಲ್ಲ ಅಲ್ಲಿಗೇ ಹೋಗುವುದು. ಅಕ್ಕಿಗೆ ಎಣ್ಣೆ ವಾಸನೆ ಹಿಡಿಯುತ್ತದೆ ಎಂದು ನಾನು ಗೊಣಗಿದೆ.

"ಅಕ್ಕನಿಗೆ ಅಕ್ಕಿಯ ಚಿಂತೆ" ಎಂದ ತಮ್ಮ. "ಗೋಣಿ ಸುತ್ತುತ್ತೇನೆ ಮಾರಾಯ್ತಿ."

ಗೋಣಿ ಸುತ್ತಿದ. ಡ್ರಮ್ಮಿನ ಅಕ್ಕಿಯನ್ನು ಮೊಣಕೈಯವರೆಗೆ ಬಗೆದು ಬ್ಯಾಟರಿ ಇಳಿಸಿದ, ಮೇಲೆ ಅಕ್ಕಿ ಮುಚ್ಚಿದ, ಮುಚ್ಚಳ ಹಾಕಿದ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಮನಸ್ಸಿರಲಿಲ್ಲ. ಆದರೆ ಹೊಸದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ, ಕ್ಲಾಸು ಬಿಡುವ ಹಾಗೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಯಾರಾದರೂ ಧೈರ್ಯವಾಗಿ ಮಾತಾಡಿದರೆ ಅದೇ ಸರಿ ಎಂದು ಕಾಣುತ್ತದೆ.

ಮರುದಿನ ಮಧ್ಯಾಹ್ನ ಮಳೆ ಬಿಟ್ಟಿತ್ತು. ಮಗಳು ಬೇರೆ ಯಾರಾದರೂ ರಿಪೇರಿಯವರು ಸಿಗುತ್ತಾರೋ ಎಂದು ಸುರತ್ಕಲ್ಲಿಗೆ ಹೋಗಿದ್ದಳು. ಕರೆಂಟು ಇರಲಿಲ್ಲ. ಫ್ಯಾನಿಲ್ಲದೆ ಸೆಕೆಗೆ ಮಗು ಒಳಕೋಣೆಯಲ್ಲಿ ಮಲಗಲು ಒಪ್ಪಲಿಲ್ಲ, ಹೊರಗೆ ಬಂದು ನನ್ನ ಎದುರು ಕುಳಿತಿತು. ನಾನು ಮೊರದಲ್ಲಿ ಎಲೆ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದೆ. ಮಗು ಹುಣಸೆ ಬೀಜಗಳನ್ನು ನೆಲದಲ್ಲಿ ಸಾಲಾಗಿ ಇಡುತ್ತಿತ್ತು. ಅಷ್ಟು ನಿಶ್ಶಬ್ದ ನಮ್ಮ ಕೇರಿಯಲ್ಲಿ ಅಪರೂಪ.

ಟಣ್ ಎಂದು ಲೋಟಕ್ಕೆ ಒಂದು ಬೀಜ ಬಿತ್ತು.

ನಾನು ತಲೆಯೆತ್ತಲಿಲ್ಲ. ಮಕ್ಕಳ ಆಟ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಿತ್ತು. ನೋಡಿದರೆ ಮಗು ಆಡುತ್ತಿರಲಿಲ್ಲ. ಕ್ಲಾಸಿನಲ್ಲಿ ಕುಳಿತ ಹಾಗೆ ಬೆನ್ನು ನೆಟ್ಟಗೆ ಮಾಡಿ, ಬೀಜವನ್ನು ಕೆನ್ನೆಗೆ ಒತ್ತಿಕೊಂಡು, ಒಳಕೋಣೆಯ ಕಡೆ ಮುಖ ಮಾಡಿ ಕುಳಿತಿತ್ತು. ಮತ್ತೆ ಒಂದು ಹಾಕಿತು. ಹಾಕಿ ನನ್ನ ಮುಖ ನೋಡಿತು, ಸರಿಯಾಯಿತಾ ಎಂದು ಕೇಳುವ ಹಾಗೆ.

"ಎಂತ ಕೇಳಿತು ಮಗಾ?" ಎಂದೆ. ನನಗೆ ಏನೂ ಕೇಳುತ್ತಿರಲಿಲ್ಲ. ನನ್ನ ಕಿವಿಯೂ ಈಗ ಮೊದಲಿನ ಹಾಗಿಲ್ಲ, ಕುಕ್ಕರಿನ ಸೀಟಿ ಕೇಳಬೇಕಾದರೆ ಅಡುಗೆಮನೆಯಲ್ಲೇ ನಿಂತಿರಬೇಕು. ಮಗು ಎದ್ದು ನನ್ನ ಸೆರಗು ಹಿಡಿದು ಎಳೆಯಿತು. ಒಳಗೆ ಬೆರಳು ತೋರಿಸಿತು. ಹಲ್ಲು ಕಚ್ಚಿ, ತುಟಿ ಅಗಲಿಸಿ, ಗಾಳಿ ಬಿಟ್ಟಿತು. "ಸ್ಸ್ಸ್."

ಅದರ ಬಾಯಿಂದ ಆ ಶಬ್ದ ಬಂದದ್ದು ಅದೇ ಮೊದಲು. ಹಾವು ಬಂದಿದೆ ಎಂದೇ ನಾನು ಎಣಿಸಿದೆ. ಮೊರ ಬದಿಗಿಟ್ಟು, ಕೋಲು ಹಿಡಿದು ಒಳಕೋಣೆಯ ಬಾಗಿಲಿಗೆ ಹೋದೆ. ಹಾವಲ್ಲ. ಡ್ರಮ್ಮಿನ ಮುಚ್ಚಳದ ಸಂದಿಯಿಂದ ಬಿಳಿ ಹೊಗೆ ನೂಲಿನ ಹಾಗೆ ಏಳುತ್ತಿತ್ತು. ಹತ್ತಿರ ಹೋದ ಮೇಲೆ ನನಗೂ ಕೇಳಿತು, ಒಳಗೆ ಏನೋ ಉಸಿರು ಬಿಡುತ್ತಿತ್ತು. ಸಿಹಿಸಿಹಿಯಾದ ಕೆಟ್ಟ ವಾಸನೆ.

ಕನ್ನಡವೆಲ್ಲ ಮರೆತುಹೋಯಿತು. "ಪಿದಾಯಿ ಪೋ! ಪಿದಾಯಿ ಪೋ!" ಎಂದು, ಹೊರಗೆ ಹೋಗು ಎಂದು, ತುಳುವಿನಲ್ಲೇ ಕಿರುಚಿದೆ. ಆಮೇಲೆ ಕಿರುಚುವುದನ್ನು ಬಿಟ್ಟು ಮಗುವನ್ನು ಕಂಕುಳಿಗೆ ಹಾಕಿಕೊಂಡು ಓಡಿದೆ. ಅಂಗಳ ದಾಟಿ ಗೇಟು ಹಿಡಿದಿದ್ದೆ, ಅಷ್ಟರಲ್ಲಿ ಹಿಂದಿನಿಂದ ಆ ಸದ್ದು. ಗರ್ನಲ್ಲಿನಂಥದ್ದೇ. ಡ್ರಮ್ಮಿನ ಮುಚ್ಚಳ ಮಾಡಿಗೆ ಬಡಿದು ಹಂಚು ಪುಡಿಪುಡಿಯಾಗಿ ಬಿತ್ತು. ಕಿಟಕಿಯಿಂದ ಬೆಂಕಿ ಪಿಚಕಾರಿಯ ಹಾಗೆ ಹೊರಗೆ ಬಂತು.

ಕೇರಿಯವರು ಓಡಿ ಬಂದರು. ಮರಳು ಹಾಕಿದರು, ನೀರು ಹಾಕಿದರು. ಆರಿತು ಎಂದರೆ ಮತ್ತೆ ಹತ್ತುತ್ತಿತ್ತು. ಅಗ್ನಿಶಾಮಕದವರು ಬಂದು ಆ ಕಪ್ಪು ಮುದ್ದೆಯನ್ನು ಎಳೆದು ಅಂಗಳಕ್ಕೆ ಹಾಕಿದ ಮೇಲೆಯೂ ಅದು ಸಂಜೆಯವರೆಗೆ ಹೊಗೆಯಾಡುತ್ತಿತ್ತು. ಸುಟ್ಟ ಅಕ್ಕಿಯ ವಾಸನೆ ಗೊತ್ತುಂಟಲ್ಲ, ಗಂಜಿ ಅಡಿ ಹಿಡಿದ ಹಾಗೆ. ಇಡೀ ಕೇರಿಗೆ ಅದೇ ವಾಸನೆ. ಮಂಚ ಉಳಿಯಲಿಲ್ಲ. ಮಗುವಿನ ಹಾಸಿಗೆಯಲ್ಲಿ ಉಳಿದದ್ದು ಒಂದು ಹಿಡಿ ಕಪ್ಪು ಹತ್ತಿ. ಬೇರೆ ದಿನವಾದರೆ ಆ ಹೊತ್ತಿಗೆ ಅದು ಅಲ್ಲೇ ಮಲಗಿರುತ್ತಿತ್ತು, ಯಂತ್ರ ಬಿಚ್ಚಿಟ್ಟು, ಏನೂ ಕೇಳದೆ.

ಮಗಳು ಬಂದಾಗ ಗೇಟಿನಲ್ಲಿ ಜನ. ಅವಳು ಮನೆಯ ಕಡೆ ನೋಡಲೇ ಇಲ್ಲ. ನನ್ನ ಕಂಕುಳಿಂದ ಮಗುವನ್ನು ಕಿತ್ತುಕೊಂಡು ಕೈ, ಕಾಲು, ತಲೆ ಮುಟ್ಟಿ ಮುಟ್ಟಿ ನೋಡಿದಳು. ತಮ್ಮ ಬಾವಿಕಟ್ಟೆಯಲ್ಲಿ ಕುಳಿತಿದ್ದ, ಮುಖದಲ್ಲಿ ಮಸಿ. ಅವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಆಮೇಲೆ ಎಷ್ಟೋ ದಿನ ಅವನು ಬೆಳಿಗ್ಗೆಯೇ ಬಂದು ಗೋಡೆಯ ಮಸಿ ಉಜ್ಜುತ್ತಿದ್ದ.

ರಿಪೇರಿಯವನು ಹೇಳಿದ ದಿನಕ್ಕೇ ಬಂದ. ಆ ಮುದ್ದೆಯ ಎದುರು ಕುಕ್ಕರಗಾಲಲ್ಲಿ ಕುಳಿತು ಒಂದು ಕಡ್ಡಿಯಿಂದ ಕೆದಕಿ ನೋಡಿದ.

"ನಾನು ಹೇಳಿದ್ದೆ ಅಕ್ಕ."

"ಹೇಳಿದ್ದಿರಿ" ಎಂದಳು ಮಗಳು.

"ಹೊಸ ಸೆಲ್ ಹಾಕಿ ಒಂದು ಮಾಡಿಕೊಡ್ತೇನೆ. ನನ್ನ ಕೂಲಿ ಬೇಡ. ಮಳೆ ಹೋಗ್ಲಿ."

"ಮಳೆ ಹೋಗ್ಲಿ" ಎಂದಳು ಅವಳೂ. ಬೇಕು ಎಂದಳೋ ಬೇಡ ಎಂದಳೋ ನನಗೆ ತಿಳಿಯಲಿಲ್ಲ.

ಬೀಜದ ವಿಷಯವನ್ನು ಅವಳಿಗೆ ನಾನು ಹೇಳಿದ್ದು ಮರುದಿನ. ಅವಳು ನಂಬಲಿಲ್ಲ. "ಹೊಗೆ ಕಂಡಿರಬೇಕು ಅಮ್ಮ" ಎಂದಳು. ಕುಳಿತಲ್ಲಿಂದ ಡ್ರಮ್ಮು ಕಾಣುವುದೇ ಇಲ್ಲ ಎಂದೆ. "ವಾಸನೆ ಬಂದಿರಬೇಕು" ಎಂದಳು. ಆಸೆ ಪಟ್ಟು ಪಟ್ಟು ಸುಸ್ತಾದವರು ಹಾಗೆ ಮಾತಾಡುತ್ತಾರೆ. ಬಸ್ಸಿನಲ್ಲಾದರೂ ಸರಿ, ಕ್ಲಾಸಿಗೆ ಹೋಗುವ ಎಂದು ನಾನೇ ಹಟ ಹಿಡಿದೆ, ನಾನೇ ಜೊತೆಗೆ ಹೊರಟೆ. ದಾರಿಯಲ್ಲಿ ಮಗು ನನ್ನ ಸೀರೆಯ ಮೇಲೆ ವಾಂತಿ ಮಾಡಿತು. ಅದೇ ಸೀರೆಯಲ್ಲಿ ಟೀಚರ್ ಎದುರು ಕುಳಿತೆವು.

ಟೀಚರ್ ಕಾಗದ ಅಡ್ಡ ಹಿಡಿದರು. "ಆ" ಎಂದರು, ಬೀಜ ಬಿತ್ತು. ಆಮೇಲೆ ಸುಮ್ಮನಿದ್ದರು. ಮಗು ಬೀಜವನ್ನು ಕೆನ್ನೆಗೆ ಒತ್ತಿಕೊಂಡು ಕುಳಿತೇ ಇತ್ತು. ಮಗಳು ನೆಲ ನೋಡುತ್ತಿದ್ದಳು. ಕಾಗದದ ಹಿಂದಿನಿಂದ ಏನೋ ಬಂದಿರಬೇಕು. ನನಗೆ ಕೇಳಲಿಲ್ಲ, ದೇವರಾಣೆ ನನಗೆ ಕೇಳಲಿಲ್ಲ. ಮಗು ಕೈ ಚಾಚಿ ಬೀಜ ಹಾಕಿತು. ಟಣ್. ಟೀಚರ್ ಮತ್ತೆ ಸುಮ್ಮನಾದರು, ಮತ್ತೆ ಮಾಡಿದರು. ಟಣ್. ಅವರು ಕಾಗದ ಕೆಳಗಿಟ್ಟಾಗ ಅವರ ಕಣ್ಣೇ ಒದ್ದೆಯಾಗಿತ್ತು.

"ಕೇಳುವುದು ಯಾವಾಗ್ಲೋ ಬಂದಿರಬೇಕು" ಎಂದರು. "ಅದಕ್ಕೂ ಬೀಜ ಹಾಕಬೇಕು ಅಂತ ಇದಕ್ಕೆ ಗೊತ್ತಿರಲಿಲ್ಲ. ಡಾಕ್ಟರ್ ಹತ್ರ ಈಗ ಹೋಗುವುದು ಬೇಡ ಅಮ್ಮ. ಇನ್ನು ಮಾತು ಕಲಿಸುವ."

ಮಗಳು ಅಳಲಿಲ್ಲ. ಲೋಟವನ್ನು ಬೋರಲು ಹಾಕಿ ಬೀಜಗಳನ್ನೆಲ್ಲ ತನ್ನ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು, ಅಷ್ಟೆ. ಅತ್ತವಳು ನಾನು. ನಗುತ್ತಾ ಅತ್ತೆ, ಮೂಗು ಒರೆಸಲು ಸೆರಗು ಹಿಡಿದರೆ ಅದರಲ್ಲಿ ವಾಂತಿ.

ವಾಪಸು ಬರುವ ಬಸ್ಸಿನಲ್ಲಿ ಕುಳಿತಾಗ ನಮ್ಮ ಮನೆ ನೆನಪಾಯಿತು. ಮಾಡಿನಲ್ಲಿ ಹಂಚಿಲ್ಲ, ಡ್ರಮ್ಮಿನಲ್ಲಿ ಅಕ್ಕಿಯಿಲ್ಲ, ಅಂಗಳದಲ್ಲಿ ಟಾರ್ಪಾಲು ಹೊದ್ದ ಸ್ಕೂಟರ್ ಹೆಣದ ಹಾಗೆ ನಿಂತಿದೆ. ಅಷ್ಟರಲ್ಲಿ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಸೀಟಿ ಊದಿದ. ತೊಡೆಯ ಮೇಲಿದ್ದ ಮಗು ಗಕ್ಕನೆ ಆ ಕಡೆ ತಿರುಗಿತು. ಮುಂದಿನ ಸ್ಟಾಪಿನಲ್ಲಿ ಮತ್ತೆ ಊದಿದ, ಮತ್ತೆ ತಿರುಗಿತು. ಕೂಳೂರು ಬರುವಾಗ ಅದು ತಾನೇ ಬಾಯಿ ಚೂಪು ಮಾಡಿ "ಊಈಈ" ಎಂದು ಕಿರುಚಲು ಸುರುಮಾಡಿತು. ವಾಂತಿಯ ನೆನಪೇ ಇಲ್ಲ. ಕಂಡಕ್ಟರ್ ಒಂದು ಊದಿದರೆ ಇದು ಎರಡು.

ಎದುರು ಸೀಟಿನ ಹೆಂಗಸು ಹಿಂದೆ ತಿರುಗಿ, "ಎಂತ ಮಾರಾಯ್ರೆ, ಮಗುವನ್ನು ಸ್ವಲ್ಪ ಸುಮ್ಮನಿರಿಸಿ. ಕಿವಿ ಒಡೆದು ಹೋಗ್ತದೆ" ಎಂದಳು.

"ಹೋಗ್ಲಿ ಅಮ್ಮ, ಹೋಗ್ಲಿ" ಎಂದೆ ನಾನು. "ಇನ್ನಷ್ಟು ಕಿರುಚು ಮಗಾ."